ಬಾಗಿಲ ಹತ್ತಿರ ಇದ್ದ ಮಾಡ್ಯೂಲು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ನೀವೇ ಕಂಡುಹಿಡಿದು ಬೈಯುವುದಕ್ಕಿಂತ ಅದು ವಾಸಿ. ಆ ಮೂರು ದಿನಗಳ ರಗಳೆಯಲ್ಲಿ ತಪ್ಪು ಲ್ಯಾಪ್‌ಟಾಪಿನದಲ್ಲ, ಪೈಥಾನ್ ಭಾಷೆಯದಲ್ಲ, ಚೆನ್ನೈಯ ನಮ್ಮ ವಡಪಳನಿಯ ಇಂಟರ್ನೆಟ್ಟಿನದೂ ಅಲ್ಲ. ನನ್ನದು. ಅದೂ ಒಂದಲ್ಲ, ಎರಡು. ಒಂದನ್ನು ಬಾಯಿಂದ ಮಾಡಿದೆ, ಇನ್ನೊಂದನ್ನು ಬೆರಳಿಂದ. ಬಾಯಿಯ ತಪ್ಪು ಮಾಡಿದ ದಿನವೇ ಗೊತ್ತಾಯಿತು. ಬೆರಳಿನದು ಗೊತ್ತಾಗಲು ಶನಿವಾರ ಬರಬೇಕಾಯಿತು.

ನನ್ನ ಹೊಟ್ಟೆಪಾಡು ದನಿಯದು. ಮನೆಯಿಂದ ನಡೆದೇ ಹೋಗಬಹುದಾದ ಒಂದು ಡಬ್ಬಿಂಗ್ ಸ್ಟುಡಿಯೋದಲ್ಲಿ ಗುಂಪಿಗೆ ದನಿ ಕೊಡುತ್ತೇನೆ. ತೆರೆಯ ಮೇಲೆ ಹೀರೋ ಮಾತಾಡುವಾಗ ಹಿಂದೆ ಮಾರ್ಕೆಟ್ಟಿನಲ್ಲಿ "ಟೊಮ್ಯಾಟೊ ಹೆಂಗಮ್ಮಾ?" ಎಂದು ಕೇಳುವವನು ನಾನು, "ತಗೊಳ್ಳೋದಾದ್ರೆ ಕೇಳು" ಎನ್ನುವ ಹೆಂಗಸೂ ನಾನು, ನಡುವೆ ಬಂದು ಜಗಳ ಬಿಡಿಸುವ ಮುದುಕನೂ ನಾನೇ. ಮೂರು ಭಾಷೆಯಲ್ಲಿ ನಾನು ಜನಜಂಗುಳಿ. ಈ ರೋಗವನ್ನು ಸ್ಟುಡಿಯೋದ ಬಾಗಿಲಲ್ಲಿ ಚಪ್ಪಲಿಯಂತೆ ಬಿಟ್ಟು ಬರಲು ಆಗುವುದಿಲ್ಲ. ಮನೆಗೂ ಬರುತ್ತದೆ. ಅಮ್ಮ ತನ್ನ ಇನ್ಶೂರೆನ್ಸ್ ಆಫೀಸಿನ ಫೋನಿನಲ್ಲಿ ಮಾತಾಡುವ ರೀತಿ, ಅಪ್ಪ ಬ್ಯಾಂಕಿನಿಂದ ಬಂದು ಸೋಫಾದ ಮೇಲೆ ಕೂರುವಾಗ ಹೊರಡಿಸುವ ನಿಟ್ಟುಸಿರು, ಅಜ್ಜಿಯ ಬೆಳಗಿನ ಕೆಮ್ಮು, ಎಲ್ಲವೂ ನನ್ನ ಸಂಗ್ರಹದಲ್ಲಿವೆ. ಕನ್ನಡಿಯ ಮುಂದೆ ನಿಂತು ನನ್ನನ್ನೇ ಅಣಕಿಸಲು ನೋಡಿದ್ದೇನೆ. ಯಾಕೋ ಅದೊಂದು ಸರಿಯಾಗಿ ಬರುವುದಿಲ್ಲ.

ಸಂಗ್ರಹದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬರುವುದು ತಾತನ ದನಿ. ಅದಕ್ಕೆ ನನಗೆ ಹಕ್ಕೂ ಇದೆ ಎಂದುಕೊಂಡಿದ್ದೆ, ಏಕೆಂದರೆ ನಮ್ಮಿಬ್ಬರ ಹೆಸರೂ ಒಂದೇ. ಹಿರಿಯ ಮೊಮ್ಮಗನಿಗೆ ತಾತನ ಹೆಸರಿಡುವುದು ನಮ್ಮ ಮನೆಯ ಪದ್ಧತಿ. ಗಂಡನ ಹೆಸರನ್ನು ಹೆಂಡತಿ ಹೇಳಬಾರದು, ಮಾವನ ಹೆಸರನ್ನು ಸೊಸೆ ಹೇಳಬಾರದು ಎಂಬುದು ಇನ್ನೊಂದು ಪದ್ಧತಿ. ಎರಡೂ ಸೇರಿ ಏನಾಗಿದೆ ಎಂದರೆ, ಆ ಹೆಸರು ರೇಷನ್ ಕಾರ್ಡಿನಲ್ಲಿ ಎರಡು ಸಲ ಇದೆ, ಮನೆಯೊಳಗೆ ಒಂದು ಸಲವೂ ಕೇಳಿಸುವುದಿಲ್ಲ. ತಾತ "ಇವರು". ನಾನು "ಏ".

ತಾತ ರೈಲ್ವೆಯ ಟೈಂಟೇಬಲ್ ವಿಭಾಗದಲ್ಲಿದ್ದವರು. ರಿಟೈರ್ ಆದಮೇಲೆ ಗಾಡಿಗಳನ್ನು ಬಿಟ್ಟು ತಿಥಿಗಳನ್ನು ಹಿಡಿದುಕೊಂಡರು. ಚೆನ್ನೈಯಲ್ಲಿ ಅಲ್ಲಲ್ಲಿ ಚೆದುರಿರುವ ನಮ್ಮ ಕಡೆಯ ಮನೆಗಳವರು ಶ್ರಾದ್ಧ ಯಾವ ದಿನ, ಏಕಾದಶಿ ಯಾವ ದಿನ ಎಂದು ಅನುಮಾನ ಬಂದರೆ ಅವರಿಗೆ ಫೋನ್ ಮಾಡುತ್ತಾರೆ. ಪಂಚಾಂಗ ಕೈಯಲ್ಲಿದ್ದರೂ ಮಾಡುತ್ತಾರೆ. ತಾತ ತಮ್ಮ ಹಳೆಯ ನೋಟ್‌ಬುಕ್ ತೆಗೆದು, ಸೂರ್ಯ ಚಂದ್ರರನ್ನು ಎರಡು ಗಾಡಿಗಳಂತೆ ಓಡಿಸಿ, ಯಾವುದು ಯಾವುದನ್ನು ಎಲ್ಲಿ ದಾಟುತ್ತದೆ ಎಂದು ಲೆಕ್ಕ ಹಾಕಿ ಹೇಳುತ್ತಾರೆ.

ಆ ಬುಧವಾರ ತಾತನ ಕಣ್ಣಿನ ಪೊರೆ ತೆಗೆದು ಎಂಟು ದಿನವಾಗಿತ್ತು. ಕಪ್ಪು ಕನ್ನಡಕ, ದಿನಕ್ಕೆ ನಾಲ್ಕು ಸಲ ಡ್ರಾಪ್ಸ್, ಒಂದು ತಿಂಗಳು ಓದುವಂತಿಲ್ಲ. ಮಧ್ಯಾಹ್ನ ಅವರು ಮಲಗಿದ್ದಾಗ ಅವರ ಮೊಬೈಲ್ ಹೊಡೆದುಕೊಂಡಿತು. ಎತ್ತಿದೆ. ತಿರುವೊಟ್ಟಿಯೂರಿನ ಒಬ್ಬ ಮಾಮಿ. ತಾತನ ಜೊತೆ ಕೆಲಸ ಮಾಡುತ್ತಿದ್ದವರ ಹೆಂಡತಿ. ಆ ಮಾಮ ಹೋದ ವರ್ಷ ತೀರಿಕೊಂಡಿದ್ದರು.

ಮಾಮಿ ತಾತನ ಹೆಸರು ಹೇಳಿ, "ಅವರೇನಾ ಮಾತಾಡ್ತಿರೋದು?" ಎಂದರು.

ಅದು ನನ್ನ ಹೆಸರೂ ಹೌದಲ್ಲ. "ಹೌದಮ್ಮ, ನಾನೇ" ಎಂದೆ. ಅಷ್ಟು ಹೇಳಿ ನಿಲ್ಲಿಸಬೇಕಿತ್ತು. ಆದರೆ ಬಾಯಿಗೆ ಬಂದದ್ದು ತಾತನ ದನಿ, ಮೂಗಿನಲ್ಲಿ ಸ್ವಲ್ಪ ಶೀತ, ಪ್ರತಿ ಮಾತಿನ ಹಿಂದೆ ಒಂದು ಸಣ್ಣ "ಹ್ಞಂ" ಸಮೇತ. ಎಷ್ಟು ಚೆನ್ನಾಗಿ ಬಂತು ಎಂದರೆ ನಿಲ್ಲಿಸಲು ಮನಸ್ಸಾಗಲಿಲ್ಲ.

"ಕಣ್ಣು ಹೇಗಿದೆ? ತೊಂದರೆ ಕೊಡ್ತಿದೀನೇನೋ. ಇವರ ಮೊದಲನೇ ವರ್ಷದ ಶ್ರಾದ್ಧ ಬರ್ತಿದೆ. ಚೈತ್ರ ಬಹುಳ ಸಪ್ತಮಿ. ಫೋನಲ್ಲಿ ನೋಡಿದ್ರೆ ಒಂದು ಕಡೆ ಗುರುವಾರ ಅಂತಿದೆ, ಇನ್ನೊಂದು ಕಡೆ ಶುಕ್ರವಾರ ಅಂತಿದೆ. ಮಗನಿಗೆ ಗುಂತಕಲ್ಲಲ್ಲಿ ಡ್ಯೂಟಿ. ಮುಂದಿನ ತಿಂಗಳ ರಜಾ ಈ ಶನಿವಾರ ಸಾಯಂಕಾಲದೊಳಗೆ ಬರೆದು ಕೊಡಬೇಕಂತೆ. ಒಂದೇ ದಿನ ಕೊಡೋದಂತೆ. ದಿನ ತಪ್ಪಿದ್ರೆ ಇವರ ಮೊದಲನೇ ಶ್ರಾದ್ಧಕ್ಕೆ ಮಗನೇ ಇರಲ್ಲ."

"ಖಂಡಿತ, ಶನಿವಾರದೊಳಗೆ ಹೇಳ್ತೀನಮ್ಮ. ಹ್ಞಂ. ಖಂಡಿತ."

ಮಾಮಿ ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ "ಸರಿ" ಎಂದು ಫೋನ್ ಇಟ್ಟರು. ನನ್ನ ಕಲೆಗೆ ಮೆಚ್ಚಿ ಮೂಕರಾದರು ಎಂದುಕೊಂಡೆ.

ತಾತ ಎದ್ದ ಮೇಲೆ ವಿಷಯ ಹೇಳಿದೆ. ಅವರು ಕಪ್ಪು ಕನ್ನಡಕವನ್ನು ನನ್ನ ಕಡೆ ತಿರುಗಿಸಿದರು.

"ಹೇಳ್ತೀನಿ ಅಂದಿದ್ದು ಯಾರು?"

"ನಾನು, ತಾತ."

"ಯಾರ ದನೀಲಿ?"

ಸುಮ್ಮನಿರುವಾಗ ನನಗೆ ಯಾರ ದನಿಯೂ ಬರುವುದಿಲ್ಲ.

"ಹ್ಞಂ" ಎಂದರು ತಾತ. ಬೈಯಲಿಲ್ಲ. ನೋಟ್‌ಬುಕ್ ತರಿಸಿದರು. ಹೊಸ ಪಂಚಾಂಗ ನಮ್ಮ ಮನೆಗೆ ಬರುವುದು ಯುಗಾದಿಯ ಹಿಂದಿನ ವಾರ, ಅದಕ್ಕೆ ಇನ್ನೂ ದಿನಗಳಿದ್ದವು. ಇದ್ದದ್ದು ನೋಟ್‌ಬುಕ್ ಒಂದೇ. "ಓದಿ ಹೇಳು, ನಾನು ಬಾಯಲ್ಲೇ ಲೆಕ್ಕ ಹಾಕ್ತೀನಿ." ತೆರೆದೆ. ರೈಲ್ವೆ ಟೈಂಟೇಬಲ್ಲಿನ ಅಡಿಟಿಪ್ಪಣಿಗಳ ಅಳತೆಯ ಅಕ್ಷರ. "ಚಂ" ಎಂದು ಒಂದು, ಅದರ ತಲೆಯ ಮೇಲೆ ಎರಡು ಚುಕ್ಕಿ, ಪಕ್ಕದಲ್ಲಿ ಹೊಡೆದು ಹಾಕಿದ ಅಂಕಿ, ಅದರ ಮೇಲೆ ಇನ್ನೊಂದು ಅಂಕಿ. ಅರ್ಧ ಗಂಟೆ ಹೆಣಗಿದೆ. ಬರೆದವರಿಗೆ ಕಾಣುವುದಿಲ್ಲ, ಕಾಣುವವನಿಗೆ ಅರ್ಥವಾಗುವುದಿಲ್ಲ.

"ತಾತ, ಕಂಪ್ಯೂಟರ್‌ನಲ್ಲಿ ಮಾಡ್ತೀನಿ" ಎಂದೆ.

"ನಿನಗೆ ಬರತ್ತಾ?"

ಅಮ್ಮನ ಒತ್ತಾಯಕ್ಕೆ ಮೂರು ತಿಂಗಳು ಪೈಥಾನ್ ಕ್ಲಾಸಿಗೆ ಹೋಗಿದ್ದೆ. ಅಲ್ಲಿಂದ ತಂದದ್ದು ಮುಖ್ಯವಾಗಿ ಮೇಷ್ಟರು ಗಂಟಲು ಸರಿಮಾಡಿಕೊಳ್ಳುವ ಶೈಲಿ. ಆದರೂ "ಬರತ್ತೆ" ಎಂದೆ.

"ನೋಡೋಣ" ಎಂದರು ತಾತ.

ಪೈಥಾನ್ ಎಂದರೆ ಕಂಪ್ಯೂಟರಿಗೆ ಕೆಲಸ ಹೇಳಲು ಇರುವ ಒಂದು ಭಾಷೆ. ಎಲ್ಲ ವಿದ್ಯೆಯೂ ಅದಕ್ಕೆ ಹುಟ್ಟಿನಿಂದ ಬಂದಿರುವುದಿಲ್ಲ. ಬೇರೆ ಯಾರೋ ಬರೆದಿಟ್ಟ ಮಾಡ್ಯೂಲುಗಳನ್ನು ಇಂಟರ್ನೆಟ್ಟಿನಿಂದ ತಂದು ಸೇರಿಸಿದರೆ ಆ ವಿದ್ಯೆ ಬರುತ್ತದೆ. ಯಾವ ದಿನ ಯಾವ ಹೊತ್ತಿಗೆ ಸೂರ್ಯ ಎಲ್ಲಿ, ಚಂದ್ರ ಎಲ್ಲಿ ಎಂದು ಹೇಳುವ ಮಾಡ್ಯೂಲೂ ಒಂದಿದೆ. ಅದಕ್ಕೊಂದು ಹೆಸರಿದೆ. ನಮ್ಮ ಮನೆಯ ಪದ್ಧತಿಯಂತೆ ಅದನ್ನೂ ಹೆಸರು ಹಿಡಿದು ಕರೆಯುವುದಿಲ್ಲ, ಮಾಡ್ಯೂಲು ಎಂದೇ ಅನ್ನುತ್ತೇನೆ.

ಗುರುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟೆ. ತಾತ ಎದುರಿಗೆ ಕೂತರು. ಅಜ್ಜಿ ಪಕ್ಕದಲ್ಲಿ ಅವರೆಕಾಳು ಸುಲಿಯುತ್ತಿದ್ದರು. ಇನ್‌ಸ್ಟಾಲ್ ಮಾಡಲು ಹೇಳಬೇಕಾದ ಒಂದು ಸಾಲನ್ನು ಬೆರಳಚ್ಚಿಸಿ ಎಂಟರ್ ಒತ್ತಿದೆ. ಪರದೆಯ ತುಂಬ ಕೆಂಪು ಅಕ್ಷರ ಸುರಿಯಿತು.

"ಏನನ್ನತ್ತೆ?" ಎಂದರು ತಾತ.

"ಚಕ್ರ ಕಟ್ಟಕ್ಕೆ ಆಗಲಿಲ್ಲ ಅಂತಿದೆ."

"ಚಕ್ರ ಯಾಕೆ? ಚಂದ್ರನ ಹತ್ರ ಎತ್ತಿನಗಾಡೀಲಿ ಹೋಗ್ತಿದೀಯಾ?"

ಪಲ್ಲಾವರಂನಲ್ಲಿರುವ ಚಿಕ್ಕಪ್ಪನ ಮಗಳಿಗೆ ಫೋನ್ ಮಾಡಿದೆ. ಕಂಪ್ಯೂಟರ್ ಸೈನ್ಸ್ ಎರಡನೇ ವರ್ಷ. ಅವಳಿಗೆ ಕನ್ನಡದಲ್ಲಿ ಏನು ಕೇಳಿದರೂ ತಿಳಿಯುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತದೆ. ವೀಡಿಯೋ ಕಾಲಿನಲ್ಲಿ ಪರದೆ ತೋರಿಸಿದೆ.

"ಅಯ್ಯೋ ಅಣ್ಣಾ, ಎನ್ನ ಇದು, ಒರೇ ಸೆವಪ್ಪು!" ಎಂದಳು, ಏನಿದು ಬರೀ ಕೆಂಪು ಎಂದು. ಆಮೇಲೆ ಸಮಾಧಾನವಾಗಿ ವಿವರಿಸಿದಳು. ಮಾಡ್ಯೂಲುಗಳು ಎರಡು ಬಗೆಯಲ್ಲಿ ಬರುತ್ತವಂತೆ. ಒಂದು ಹೊಲಿದ ಅಂಗಿ, ಇನ್ನೊಂದು ಬಟ್ಟೆ. ಹೊಲಿದದ್ದಕ್ಕೆ ಅವರ ಮಾತಿನಲ್ಲಿ ಚಕ್ರ ಎಂದು ಹೆಸರು. ನನ್ನ ಪೈಥಾನಿನ ಅಳತೆಗೆ ಹೊಲಿದದ್ದು ಇರಲಿಲ್ಲ, ಬಟ್ಟೆ ಕೊಟ್ಟು ಹೊಲಿದುಕೋ ಎಂದಿದೆ, ನಮ್ಮ ಲ್ಯಾಪ್‌ಟಾಪಿನಲ್ಲಿ ಹೊಲಿಗೆ ಯಂತ್ರವೇ ಇಲ್ಲ. ಯಾರ ಅಳತೆಗೆ ಅಂಗಿ ಸಿದ್ಧವಿದೆಯೋ ಆ ಸ್ವಲ್ಪ ಹಳೆಯ ಪೈಥಾನನ್ನು ಹಾಕಿಕೋ ಎಂದಳು. ಹಾಕಿದೆ. ಮತ್ತೆ ಅದೇ ಸಾಲು ಹೊಡೆದೆ. ಈ ಸಲ ಕೆಂಪು ಬರಲಿಲ್ಲ. ಯಶಸ್ವಿಯಾಗಿ ಇನ್‌ಸ್ಟಾಲ್ ಆಯಿತು ಎಂದು ಬಂತು.

ಎದ್ದು ನಿಂತು, ಲೋಕಲ್ ಟ್ರೈನಿನ ಸ್ಟೇಷನ್ನಿನಲ್ಲಿ ಹೆಂಗಸಿನ ದನಿ ಹೇಳುವ ಧಾಟಿಯಲ್ಲಿ ಘೋಷಿಸಿದೆ: "ಪ್ರಯಾಣಿಕರ ಗಮನಕ್ಕೆ. ಚಂದ್ರನ ಮಾಡ್ಯೂಲು ಒಂದನೇ ಪ್ಲಾಟ್‌ಫಾರಮ್ಮಿಗೆ ಬಂದು ಸೇರಿದೆ."

"ಬಂತಾ? ಸರಿ, ಅದರೊಳಗೆ ಹತ್ತಿ ನೋಡು" ಎಂದರು ತಾತ.

ಹತ್ತಿ ನೋಡಲು ಒಂದು ಸಣ್ಣ ಪ್ರಯೋಗ ಬೇಕಲ್ಲ. ಮಾಡ್ಯೂಲನ್ನು ಕರೆದು, "ಇವತ್ತು ಚಂದ್ರ ಎಲ್ಲಿದ್ದಾನೆ?" ಎಂದು ಕೇಳುವ ನಾಲ್ಕು ಸಾಲನ್ನು ಹೊಸ ಫೈಲಿನಲ್ಲಿ ಬರೆದೆ. ಫೈಲಿಗೊಂದು ಹೆಸರಿಟ್ಟೆ. ಏನು ಹೆಸರು ಎಂದು ಈಗಲೇ ಕೇಳಬೇಡಿ. ಓಡಿಸಿದೆ. ಅಂಥ ವಿದ್ಯೆ ಈ ಮಾಡ್ಯೂಲಿನಲ್ಲಿ ಇಲ್ಲವೇ ಇಲ್ಲ ಎಂದು ಬಂತು.

ಇದೇನಪ್ಪ! ಚಂದ್ರನನ್ನು ತೋರಿಸಲೆಂದೇ ಹುಟ್ಟಿದ ಮಾಡ್ಯೂಲಿಗೆ ಚಂದ್ರನೇ ಗೊತ್ತಿಲ್ಲವಂತೆ. ಸ್ಟುಡಿಯೋಕ್ಕೆ ಹೊತ್ತಾಗಿತ್ತು. ಹೋದೆ. ಅಂದು ಮದುವೆಮನೆಯ ಗುಂಪು. ಊಟದ ಸಾಲಿನಲ್ಲಿ ಹಪ್ಪಳ ಕೇಳುತ್ತಿದ್ದರೂ ತಲೆಯೊಳಗೆ ಅದೇ ಪ್ರಶ್ನೆ. ಬಂದಿದೆ ಅಂತಾರೆ, ಕರೆದರೆ ಬರುತ್ತದೆ, ಮಾತಾಡಿಸಿದರೆ ಏನೂ ಗೊತ್ತಿಲ್ಲ ಅನ್ನುತ್ತದೆ. ಯಾರದು ಹಾಗಾದರೆ?

ಶುಕ್ರವಾರ ಬೆಳಿಗ್ಗೆ ಮಾಡ್ಯೂಲನ್ನು ತೆಗೆದು ಹಾಕಿದೆ, ಮತ್ತೆ ತಂದೆ. ಮತ್ತೆ ತೆಗೆದೆ, ಮತ್ತೆ ತಂದೆ. ಒಂದು ಸಲ ತೆಗೆಯದೆಯೇ ತರಲು ಹೋದಾಗ "ಆ ಬೇಡಿಕೆ ಈಗಾಗಲೇ ಪೂರೈಸಿದೆ" ಎಂದಿತು. ಅದನ್ನು ಅಪ್ಪನ ಬ್ಯಾಂಕಿನ ಕೌಂಟರಿನ ದನಿಯಲ್ಲಿ ಓದಿದೆ: "ಆಗ್ಲೇ ಆಗಿದೆ ಸಾರ್, ಪಕ್ಕಕ್ಕೆ ಬನ್ನಿ, ನೆಕ್ಸ್ಟ್!" ಅಜ್ಜಿ ನಕ್ಕರು. ಕೆಂಪು ಸಾಲುಗಳನ್ನು ಒಂದೊಂದನ್ನೂ ಒಬ್ಬೊಬ್ಬರ ದನಿಯಲ್ಲಿ ಓದತೊಡಗಿದೆ.

ತಾತ ಮೇಜಿನ ಮೇಲೆ ಬೆರಳು ಬಡಿದರು. "ನಿನ್ನ ನಾಟಕ ಸಾಕು. ಅದು ಏನು ಹೇಳಿದೆಯೋ ಅದನ್ನ ಓದು. ಕೊನೇ ಸಾಲು, ಪೂರ್ತಿ."

ಅಲ್ಲಿಯವರೆಗೆ ಕೊನೆಯ ಸಾಲನ್ನು ನಾನು ಪೂರ್ತಿ ಓದಿಯೇ ಇರಲಿಲ್ಲ. ದನಿ ಹಿಡಿಯುವವರಿಗೆ ಇದೊಂದು ಕಾಯಿಲೆ. ಮೊದಲ ನಾಲ್ಕು ಮಾತಿನಲ್ಲಿ ರಾಗ ಸಿಕ್ಕಿಬಿಟ್ಟರೆ ಮಿಕ್ಕದ್ದು ಕಿವಿಗೆ ಬೀಳುವುದಿಲ್ಲ. ಈಗ ಓದಿದೆ. ಮಾಡ್ಯೂಲು ಅರ್ಧ ಮಾತ್ರ ಸಿದ್ಧವಾಗಿದೆ, ಬಹುಶಃ ಕರೆ ಸುತ್ತು ಹೊಡೆದು ಬಂದಿದೆ ಎಂಬಂಥ ಅರ್ಥ.

"ಸುತ್ತು ಹೊಡೆದು ಅಂದ್ರೆ?" ಎಂದರು ತಾತ. ಕಪ್ಪು ಕನ್ನಡಕದ ಹಿಂದೆ ಕಣ್ಣು ಮುಚ್ಚಿತ್ತೋ ತೆರೆದಿತ್ತೋ ಗೊತ್ತಾಗಲಿಲ್ಲ. "ಗಾಡಿ ಹೊರಟ ಸ್ಟೇಷನ್ನಿಗೇ ಬಂದು ನಿಂತಿದೆ ಅಂತಿದೆ ಅದು. ಗಾಡಿ ಸರಿಯಿಲ್ಲ ಅಂತ ಹೇಳಿಲ್ಲ. ದಾರಿ ನೋಡು."

"ದಾರಿ ಎಲ್ಲಿರತ್ತೆ ತಾತ ಇದರಲ್ಲಿ?"

"ನನಗೇನು ಗೊತ್ತು? ಮೂರು ತಿಂಗಳು ಕ್ಲಾಸಿಗೆ ಹೋದವನು ನೀನು."

ದಾರಿ ನೋಡುವ ಬದಲು ಆರನೆಯ ಸಲ ತೆಗೆದು ಆರನೆಯ ಸಲ ತಂದೆ. ಶುಕ್ರವಾರ ಹಾಗೆ ಹೋಯಿತು. ಸಾಯಂಕಾಲ ತಾತ ಕೇಳಿದ್ದು ಇಷ್ಟೇ: "ನಾಳೆ ಆಗದಿದ್ರೆ ಏನು ಹೇಳೋಣ ಅವರಿಗೆ?" ಕೊಟ್ಟ ಮಾತು ನನ್ನದಾಗಿದ್ದರೆ ತಪ್ಪಿಸಿಕೊಳ್ಳುವುದು ನನಗೆ ಹೊಸದಲ್ಲ. ಆದರೆ ಅದು ತಾತನ ಬಾಯಿಂದ ಬಂದ ಮಾತಾಗಿತ್ತು. ಗುಂತಕಲ್ಲಿನಲ್ಲಿ ಒಬ್ಬ ಮಗ ರಜೆಯ ಕಾಗದದಲ್ಲಿ ತಾರೀಖಿನ ಜಾಗ ಖಾಲಿ ಬಿಟ್ಟು ಕೂತಿದ್ದ.

ಶನಿವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಮತ್ತೆ ಅದೇ ಮೇಜು. ಪಲ್ಲಾವರಂನ ತಂಗಿಯೂ ಫೋನಿನ ಪರದೆಯಲ್ಲಿ ಇಡ್ಲಿ ತಿನ್ನುತ್ತ ಹಾಜರಿದ್ದಳು. ಕೆಳಗಿನಿಂದ ಕೊರಿಯರ್‌ನವನು ಹತ್ತಿ ಬಂದು, ಗ್ರಿಲ್ಲಿನ ಹೊರಗೆ ನಿಂತು ಹೆಸರು ಕೂಗಿದ. ತಾತನ ಕಣ್ಣಿನ ಡ್ರಾಪ್ಸ್. ನಾನು ಬಾಗಿಲ ಹತ್ತಿರವೇ ಕೂತಿದ್ದೆ. "ನಾನೇ" ಎಂದು ಸಹಿ ಹಾಕಿ ಪೊಟ್ಟಣ ತೆಗೆದುಕೊಂಡು, ಮೇಜಿನ ಮೇಲೆಸೆದು ಮತ್ತೆ ಪರದೆಗೆ ಮುಖ ಹಾಕಿದೆ. ತಾತ ಒಳಗಿನ ಕೋಣೆಯಲ್ಲಿ ಡ್ರಾಪ್ಸಿಗಾಗಿಯೇ ಕಾಯುತ್ತ ಮಲಗಿದ್ದರು.

ಐದು ನಿಮಿಷದ ಮೇಲೆ ಅಜ್ಜಿ ಪೊಟ್ಟಣ ನೋಡಿದರು.

"ಏ! ಇವರ ಮದ್ದಲ್ವೇನೋ ಇದು? ಬಂದು ಎಷ್ಟೊತ್ತಾಯ್ತು?"

"ಈಗ ತಾನೇ, ಅಜ್ಜಿ."

"ಇದೊಳ್ಳೆ ಕಥೆ. ಒಂದೇ ಹೆಸರಿಟ್ಟುಕೊಂಡು ಇಬ್ರೂ ಒಂದೇ ಮನೇಲಿರೋದು. ಹೊರಗಡೆ ಯಾರಾದ್ರೂ ಕೂಗಿದ್ರೆ ಬಾಗಿಲ ಹತ್ರ ಇರೋ ನೀನು ಚುಮ್ಮಾ ಸುಮ್ಮನೆ ‘ನಾನೇ’ ಅಂತ ಎದ್ದು ಹೋಗ್ತೀಯ. ಕೆಲಸಕ್ಕೆ ಬೇಕಾದ ಮನುಷ್ಯರು ಒಳಗೆ ಮಲಗಿದಾರೆ, ಅವರಿಗೆ ಕೂಗಿದ್ದೇ ಕೇಳಿಸಲ್ಲ. ಮೊನ್ನೆ ಫೋನಲ್ಲೂ ಇದೇ ಆಟ."

ಫೋನಿನೊಳಗಿಂದ ತಂಗಿಯ ಬಾಯಿ ಇಡ್ಲಿಯೊಂದಿಗೆ ನಿಂತುಹೋಯಿತು. "ಅಣ್ಣಾ," ಎಂದಳು, "ಮಾಡ್ಯೂಲ್ ಎಂಗೇರ್ಂದು ವರುದುನ್ನು ಅದ್ಕಿಟ್ಟಯೇ ಕೇಳು." ಎಲ್ಲಿಂದ ಬರುತ್ತಿದ್ದೀಯ ಎಂದು ಮಾಡ್ಯೂಲನ್ನೇ ಕೇಳು ಎಂದು ಅರ್ಥ. ಹಾಗೆ ಕೇಳಲು ಒಂದು ಪುಟ್ಟ ಸಾಲಿದೆ. ಅದು ತನ್ನ ವಿಳಾಸ ಹೇಳುತ್ತದೆ. ಈ ಮೂರು ದಿನವೂ ಆ ಸಾಲು ನನ್ನ ಕ್ಲಾಸಿನ ನೋಟ್ಸಿನ ಮೂರನೇ ಪುಟದಲ್ಲಿ ಕೂತಿತ್ತು.

ಕೇಳಿದೆ. ವಿಳಾಸ ಬಂತು.

ಇನ್‌ಸ್ಟಾಲ್ ಮಾಡಿದ ಮಾಡ್ಯೂಲುಗಳು ಇರುವ ಒಳಗಿನ ಕಪಾಟಿನದಲ್ಲ. ನನ್ನದೇ ಫೋಲ್ಡರಿನದು. ನಾನು ಗುರುವಾರ ಬರೆದ ನಾಲ್ಕು ಸಾಲಿನ ಫೈಲಿನದು.

ಈಗ ಹೇಳುತ್ತೇನೆ. ಆ ಫೈಲಿಗೆ ನಾನು ಇಟ್ಟದ್ದು ಮಾಡ್ಯೂಲಿನದೇ ಹೆಸರು. ಅಕ್ಷರ ಅಕ್ಷರವೂ ಅದೇ. ಅದನ್ನು ಪರೀಕ್ಷಿಸುವ ಫೈಲಲ್ಲವೇ, ಅದರ ಹೆಸರೇ ಇರಲಿ ಎಂದು. ಪೈಥಾನಿನ ಅಭ್ಯಾಸವೆಂದರೆ, ಯಾವುದಾದರೂ ಮಾಡ್ಯೂಲನ್ನು ಕರೆದಾಗ ಅದು ಮೊದಲು ನೋಡುವುದು ಪ್ರೋಗ್ರಾಮು ಇರುವ ಫೋಲ್ಡರಿನಲ್ಲೇ. ಅಲ್ಲಿ ಆ ಹೆಸರಿನವರು ಸಿಕ್ಕರೆ ಒಳಗಿನ ಕಪಾಟಿಗೆ ಹೋಗುವುದೇ ಇಲ್ಲ. ಅದು ಹೆಸರು ಕೂಗಿತು. ಬಾಗಿಲ ಹತ್ತಿರ ಇದ್ದ ನನ್ನ ಫೈಲು "ನಾನೇ" ಎಂದು ಎದ್ದು ಹೋಯಿತು. ಚಂದ್ರ ಎಲ್ಲಿ ಎಂದರೆ ಅದಕ್ಕೆ ಹೇಗೆ ಗೊತ್ತಿರಬೇಕು? ಚಂದ್ರನನ್ನು ಬಲ್ಲ ಅಸಲಿ ಮಾಡ್ಯೂಲು ಆರು ಸಲ ಬಂದು ಆರು ಸಲವೂ ಒಳಗೆ ಮಲಗಿತ್ತು. ಅಸಲಿಯನ್ನು ಆರು ಸಲ ಬದಲಾಯಿಸಿದೆ, ಅಣಕವನ್ನು ಒಂದು ಸಲವೂ ಮುಟ್ಟಲಿಲ್ಲ.

ತಂಗಿಗೆ ನಕ್ಕು ನಕ್ಕು ನೆತ್ತಿಗೆ ಹತ್ತಿತು. "ಅಣ್ಣಾ, ಅದು ನೀ ತಾನ್! ನೀಯೇ ತಾನ್!" ಅಂದರೆ, ಅದು ನೀನೇ.

"ಏನಾಯ್ತೋ?" ಎಂದರು ಅಜ್ಜಿ. ಹೇಳಿದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ಅದಕ್ಕೇನು? ನಿನಗೆ ಮಾಡಿದ್ದೇ ಅದಕ್ಕೂ ಮಾಡು. ಕೂಗೋ ಹೆಸರು ಬೇರೆ ಇಟ್ಟುಬಿಡು."

ಫೈಲಿನ ಹೆಸರನ್ನು "ಏ" ಎಂದು ಬದಲಾಯಿಸಿದೆ. ಓಡಿಸಿದೆ. ಒಂದೇ ಏಟಿಗೆ ಅಂಕಿಗಳು ಬಂದವು. ಚಂದ್ರ ಇದ್ದ. ಸೂರ್ಯನೂ ಇದ್ದ. ಯಾರ ದನಿಯಲ್ಲೂ ಘೋಷಣೆ ಮಾಡಲು ನನಗೆ ತೋಚಲಿಲ್ಲ.

ತಾತ ಮದ್ದು ಹಾಕಿಸಿಕೊಂಡು ಬಂದು ಕೂತರು. ಸೂರ್ಯ ಚಂದ್ರರಿಬ್ಬರ ನಡುವಿನ ಅಂತರ ಹನ್ನೆರಡು ಡಿಗ್ರಿ ಬೆಳೆದಾಗಲೆಲ್ಲ ಒಂದು ತಿಥಿ ಮುಗಿಯುತ್ತದೆ ಎಂದು ಹೇಳಿ ನನ್ನಿಂದ ಆ ಲೆಕ್ಕ ಬರೆಸಿದರು. ಆದರೆ ಮಾಮಿಯ ದಿನವನ್ನು ಮೊದಲು ಕೇಳಲು ಬಿಡಲಿಲ್ಲ. "ಗೊತ್ತಿರೋದನ್ನ ಕೇಳು ಮೊದಲು. ಹೋದ ವರ್ಷ ನಮ್ಮಪ್ಪನ ಶ್ರಾದ್ಧದ ದಿನ." ಕೇಳಿದೆ. ಬಂದ ಹೊತ್ತನ್ನು ಓದಿದೆ. ತಾತ ತಲೆ ಅಲ್ಲಾಡಿಸಿದರು.

"ತಪ್ಪು. ಐದೂವರೆ ಗಂಟೆ ಹಿಂದಿದೆ. ಅದು ಯಾವ ಊರಿನ ಗಡಿಯಾರ ನೋಡ್ತಿದೆ?"

ನೋಡಿದರೆ ಅದು ಹೇಳುತ್ತಿದ್ದುದು ಇಂಗ್ಲೆಂಡಿನ ಹೊತ್ತು. ಐದೂವರೆ ಗಂಟೆ ಕೂಡಿಸಿದೆ. ತಾತ ತಮ್ಮ ನೆನಪಿನಲ್ಲಿದ್ದ ಪಂಚಾಂಗದ ಹೊತ್ತಿಗೆ ಅದನ್ನು ಹೋಲಿಸಿದರು. ಮುಖದಲ್ಲಿ ನಗು ಬಂತು.

"ಒಂದು ಗಳಿಗೆ ವ್ಯತ್ಯಾಸ. ಅದು ಇರತ್ತೆ. ಅವರ ಚಂದ್ರ, ನಮ್ಮ ಚಂದ್ರ ದಾಯಾದಿಗಳು. ಈಗ ಕೇಳು, ಚೈತ್ರ ಬಹುಳ ಸಪ್ತಮಿ."

ಸಪ್ತಮಿ ಗುರುವಾರ ಮಧ್ಯಾಹ್ನ ಹನ್ನೆರಡೂ ನಲವತ್ತಕ್ಕೆ ಶುರುವಾಗಿ ಶುಕ್ರವಾರ ಹನ್ನೊಂದೂ ಕಾಲಿಗೆ ಮುಗಿಯುತ್ತಿತ್ತು. ಶುಕ್ರವಾರ ಸೂರ್ಯ ಹುಟ್ಟುವಾಗ ಸಪ್ತಮಿ ಇರುವುದರಿಂದ ಒಂದು ಕಡೆ ಶುಕ್ರವಾರ ಎಂದು ಬಂದಿತ್ತು. ಆದರೆ ಶ್ರಾದ್ಧಕ್ಕೆ ನೋಡುವುದು ಮಧ್ಯಾಹ್ನ ಇಳಿಯುವ ಹೊತ್ತು, ಅಪರಾಹ್ನ. ಆ ಹೊತ್ತಿಗೆ ಸಪ್ತಮಿ ಇರುವುದು ಗುರುವಾರ ಮಾತ್ರ. ತಾತ ಬೆರಳಲ್ಲಿ ಎಣಿಸಿ, ಒಂದು ಗಳಿಗೆ ಆಚೆ ಈಚೆ ಸರಿಸಿ ನೋಡಿದರು. ಆದರೂ ಗುರುವಾರವೇ. ಇನ್ನೊಂದು ಸಲ ಓದಿಸಿದರು. ಸುಮ್ಮನೆ ಓದಿದೆ, ನನ್ನ ದನಿಯಲ್ಲೇ.

"ಫೋನ್ ಹಾಕು" ಎಂದರು. ಗಂಟೆ ಹನ್ನೆರಡಾಗಿತ್ತು. ಸ್ಪೀಕರಿಗೆ ಹಾಕಿ ಅವರ ಮುಂದಿಟ್ಟೆ.

"ಅಮ್ಮ, ನಾನು ವಡಪಳನಿಯಿಂದ. ಹ್ಞಂ. ಸಪ್ತಮಿ ವಿಷಯ. ಗುರುವಾರ ಬರತ್ತೆ."

ಆ ಕಡೆಯಿಂದ ಮಾಮಿಯ ದನಿ ಬಂತು: "ಮಾತಾಡ್ತಿರೋದು ಯಾರು? ತಾತಾನೋ, ಮೊಮ್ಮಗಾನೋ?"

ತಾತ ಕಪ್ಪು ಕನ್ನಡಕವನ್ನು ಮೆಲ್ಲಗೆ ನನ್ನ ಕಡೆ ತಿರುಗಿಸಿದರು.

"ನಾನೇನಮ್ಮ."

"ಬುಧವಾರಾನೂ ‘ನಾನೇ’ ಅಂತಲೇ ಅಂದ್ರು. ದನಿ ಇದೇ ಇತ್ತು. ಹ್ಞಂ ಕೂಡ ಇತ್ತು. ನನ್ನ ಮಗ ಆ ಕಡೆ ಕಾಗದ ಹಿಡಕೊಂಡು ಕೂತಿದಾನೆ. ಹುಡುಗಾಟದ ಮಾತು ಕೇಳಿ ದಿನ ಬರೆಸಕ್ಕೆ ನನ್ನಿಂದಾಗಲ್ಲ."

ನಾನು ಬಾಯಿ ಹಾಕಿದೆ. "ಮಾಮಿ, ತಪ್ಪಾಯ್ತು, ಅವತ್ತು ನಾನೇ. ಇವತ್ತು ನಿಜವಾಗ್ಲೂ ತಾತ. ನಾನು ಪಕ್ಕದಲ್ಲಿದೀನಿ."

"ಎರಡು ದನಿ ನಿನಗೇನಪ್ಪ ಕಷ್ಟ? ಸಿನಿಮಾದಲ್ಲಿ ಇಡೀ ಸಂತೆ ನೀನೇ ಅಂತೆ."

ಅಜ್ಜಿ ಫೋನಿನ ಹತ್ತಿರ ಬಗ್ಗಿ, "ಇವರೇ ಕಣ್ರೀ, ನಾನು ಹೇಳ್ತಿದೀನಲ್ಲ" ಎಂದರು. ಕೊನೆಗೆ ಕೆಮ್ಮು ಬಂತು. ಆ ಕೆಮ್ಮೇ ಕೆಲಸ ಕೆಡಿಸಿತು. "ನೋಡಿ, ಕೆಮ್ಮನ್ನೂ ಮಾಡ್ತಾನೆ" ಎಂದರು ಮಾಮಿ.

ನನ್ನ ಜೀವನದಲ್ಲಿ ನನ್ನ ಕಲೆಗೆ ಅಷ್ಟು ದೊಡ್ಡ ಮೆಚ್ಚುಗೆ ಹಿಂದೆ ಸಿಕ್ಕಿರಲಿಲ್ಲ. ಅಷ್ಟು ನಾಚಿಕೆಯೂ ಆಗಿರಲಿಲ್ಲ. ಲೆಕ್ಕ ಸರಿಯಾಗಿದೆ, ಹೇಳುವವರು ಸರಿಯಾಗಿದ್ದಾರೆ, ಹೊತ್ತೂ ಇದೆ. ಆದರೆ ಅಸಲಿ ಮನುಷ್ಯರು ತಮ್ಮದೇ ಮನೆಯಲ್ಲಿ ತಮ್ಮದೇ ಫೋನಿನ ಮುಂದೆ ಕೂತು ತಾವು ತಾವೇ ಎಂದು ತೋರಿಸಲಾಗದೆ ಒದ್ದಾಡುತ್ತಿದ್ದರು. ಫೈಲಿಗಾದರೆ ಹೆಸರು ಬದಲಾಯಿಸಿ ಬಿಟ್ಟೆ. ಇಲ್ಲಿ ಏನು ಬದಲಾಯಿಸುವುದು? ಇದಕ್ಕೆ ತಂಗಿಯ ಹತ್ತಿರವೂ ಸಾಲು ಇರಲಿಲ್ಲ.

ತಾತ ಮಾತ್ರ ಒದ್ದಾಡಿದಂತೆ ಕಾಣಲಿಲ್ಲ. ತಾವು ಯಾರೆಂದು ಸಾಧಿಸುವ ಗೋಜಿಗೇ ಹೋಗದೆ ಸಪ್ತಮಿಯನ್ನು ಹಿಡಿದುಕೊಂಡರು. ಅದು ಎಷ್ಟಕ್ಕೆ ಶುರು, ಎಷ್ಟಕ್ಕೆ ಮುಕ್ತಾಯ, ಮದ್ರಾಸಿನಲ್ಲಿ ಅಂದು ಸೂರ್ಯೋದಯ ಎಷ್ಟಕ್ಕೆ, ಹಗಲನ್ನು ಐದು ಭಾಗ ಮಾಡಿದರೆ ನಾಲ್ಕನೆಯ ಭಾಗ ಎಲ್ಲಿಂದ ಎಲ್ಲಿಗೆ ಬರುತ್ತದೆ, ಮೊಮ್ಮಗ ಯಾವುದೋ ಯಂತ್ರದಿಂದ ತೆಗೆದ ಹೊತ್ತಿಗೂ ತಮ್ಮ ಹೊತ್ತಿಗೂ ಒಂದು ಗಳಿಗೆ ವ್ಯತ್ಯಾಸ ಯಾಕೆ ಬಂದಿರಬಹುದು, ಹೀಗೇ ಎಂಟು ಹತ್ತು ನಿಮಿಷ. ಮಧ್ಯೆ ಒಂದು ಸಲ ಎಲ್ಲಿದ್ದೆ ಎಂದು ಮರೆತು ಮೊದಲಿನಿಂದ ಶುರುಮಾಡಿದರು. ಮಾಮಿ ಎಲ್ಲವನ್ನೂ ಕೇಳಿಸಿಕೊಂಡರು.

"ಅಂದ್ರೆ, ಖಂಡಿತ ಗುರುವಾರಾನೇ ಅಂತೀರಾ?" ಎಂದರು ಕೊನೆಗೆ.

"ಹ್ಞಂ. ನನ್ನ ಲೆಕ್ಕಕ್ಕೆ ಗುರುವಾರ ಬರತ್ತೆ. ರಜಾ ಅವತ್ತಿಗೇ ಬರೆಸಿ. ಯುಗಾದಿಗೆ ಪಂಚಾಂಗ ಬರತ್ತಲ್ಲ, ಅದರಲ್ಲೂ ಒಂದು ಸಲ ನೋಡೋಣ."

ಆ ಕಡೆಯಿಂದ ಮಾಮಿ ಉಸಿರು ಬಿಟ್ಟದ್ದು ಸ್ಪೀಕರಿನಲ್ಲಿ ಕೇಳಿಸಿತು.

"ಸರಿ, ಗುರುವಾರಕ್ಕೇ ಬರೆಸ್ತೀನಿ. ಇದು ನೀವೇ. ನಿಮ್ಮ ಮೊಮ್ಮಗ ಆಗಿದ್ರೆ ‘ಖಂಡಿತ’ ಅಂದುಬಿಟ್ಟಿರ್ತಿದ್ದ."